ಹೊಸ ಬೋರಿನ ನೀರು

ಗುರುಸಿದ್ದವ್ವ ಪಡಸಾಲೆಯಲ್ಲಿ ಕೂತದ್ದೇ ತಡ, ಬೀಗತಿ ಬಾಳವ್ವ ಬೆಲ್ಲವನ್ನೂ ಗಾಜಿನ ಲೋಟದಲ್ಲಿ ನೀರನ್ನೂ ತಂದು ಮುಂದಿಟ್ಟಳು.

"ಹೊಸಾ ಬೋರಿನ ನೀರ್ರಿ ಬೀಗರ. ಮಗ ಬ್ಯಾಡ ಅಂದ್ರೂ ಕೇಳಲಾರದ ನಾನ ಹಿತ್ತಲದಾಗ ಹೊಡಿಸೀನಿ. ನನ್ನ ಕಣ್ಣಿಗೆ ಪೊರಿ ಬಂದೈತಿ. ಯಾರ ಬಣ್ಣ ಇಳದೈತಿ, ಒಂದೀಟು ನೋಡಿ ಹೇಳ್ರಿ."

ಕುಡಿಯುವ ಮುನ್ನ ನೀರನ್ನು ಬೆಳಕಿಗೆ ಹಿಡಿದು ನೋಡುವುದು ಈಗ ಎಲ್ಲರ ರೂಢಿ. ನೀರಿಗೆ ನೈಟ್ರೇಟ್ ವಿಷ ಎಲ್ಲಿಂದ ಸೋರುತ್ತಿದೆಯೆಂದು ತಿಳಿಯಲಿ ಅಂತ ಸರಕಾರ ಗೊಬ್ಬರಕ್ಕೆ ನೀಲಿ, ದನಗಳಿಗೆ ಹಸಿರು ಕೊಟ್ಟಿತ್ತು. ಮನುಷ್ಯರಿಗೆ ತಲೆಗೊಂದು ಬಣ್ಣ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರೆ, ತಾಯಿ ನಾಲಿಗೆಗೆ ಬಣ್ಣದ ಹನಿ ಬಿಡುತ್ತಿದ್ದಳು. ಸತ್ತರೂ ಅದು ಮೈ ಬಿಡದು. ಪಾಯಖಾನೆಯ ಗುಂಡಿಯಿಂದ ಇಳಿದ ಬಣ್ಣ ಯಾವಾಗಲೂ ತೆಳು. ಗಾಢವಾಗಿ ಇಳಿಯುವುದು ಹೆಣ ಹೂಳುವ ಸುಡುಗಾಡಿನ ಪಕ್ಕದ ಬಾವಿಗಳಲ್ಲಿ ಮಾತ್ರ.

ಗುರುಸಿದ್ದವ್ವ ಲೋಟವನ್ನು ಕಿಟಕಿಗೆ ಹಿಡಿದಳು. ಕಳಿತ ನೇರಳೆಹಣ್ಣಿನ ಬಣ್ಣ. ಆಚೆಯ ಬೆರಳು ಕಾಣದಷ್ಟು ದಟ್ಟ. ಮಗಳು ಸುಗಂಧಾಳಿಗೆ ಆ ಬಣ್ಣ ಆರಿಸಿದ್ದು ಅವಳೇ. ಆ ಮಗಳು ಯಾರ ಜೊತೆಗೋ ಓಡಿಹೋದಳೆಂದು ಅಳಿಯ ಮುರಿಗೆಪ್ಪ ಹೇಳಿಕಳಿಸಿದ್ದಕ್ಕೇ ಅವಳು ಇಲ್ಲಿಗೆ ಬಂದದ್ದು.

"ಯಾರದ್ರಿ?" ಬಾಳವ್ವ ಮತ್ತೆ ಕೇಳಿದಳು.

ಗುರುಸಿದ್ದವ್ವ ಲೋಟವನ್ನು ಕೆಳಗಿಟ್ಟಳು. "ನಮ್ಮ ಮನೀದ್ರಿ," ಎಂದಳು.

ಬೆನ್ನ ಹಿಂದೆ ಮುರಿಗೆಪ್ಪ ಬಾಗಿಲ ಅಗಳಿ ಹಾಕಿದ.

"ನೀರು ಕುಡೀರಿ, ಅತ್ತಿ," ಎಂದ.