ನಲವತ್ತು ಕೈ

ಸಾವಿತ್ರೆವ್ವನ ಮನೆಗೆ ಹೊರಗಿನಿಂದ ಬೀಗ ಬಿದ್ದಿತ್ತು.

ನೆರೆಮನೆಯ ಸೋಮವ್ವ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಹತ್ತು ಗಂಟೆಯಾಗಿತ್ತು. ಇಬ್ಬರೂ ಕೂಡಿಯೇ ಸಭೆಗೆ ಹೋಗುವುದೆಂದು ಮಾತಾಗಿತ್ತು. ರಬಕವಿಯ ಆ ಓಣಿಯ ನೇಕಾರರ ಸಂಘ ಮುಚ್ಚಿ ಆರು ವರ್ಷ. ಇವತ್ತು ಹನ್ನೊಂದಕ್ಕೆ ಕೊನೆಯ ಸಭೆ. ನಲವತ್ತು ಸದಸ್ಯರು ಬಂದು ಕೈ ಎತ್ತಿದರೆ ಕೈಮಗ್ಗದ ಶೆಡ್ಡಿನ ಬಾಗಿಲು ತೆರೆಯುತ್ತದೆ. ಒಂದು ಕೈ ಕಡಿಮೆ ಬಿದ್ದರೂ ಹರಾಜು.

ಆ ನಲವತ್ತು ಮಂದಿಯನ್ನು ಕೂಡಿಸಿದವಳು ಸಂಘದ ಅಧ್ಯಕ್ಷೆ ಸಾವಿತ್ರೆವ್ವ. ಪವರ್‌ಲೂಮಿಗೆ ಕೂಲಿಗೆ ಹೋಗುವವರ ಮನೆಬಾಗಿಲಿಗೆ ಹೋಗಿ ಕುಳಿತಳು. ಇಚಲಕರಂಜಿಗೆ ದುಡಿಯಲು ಹೋದವರನ್ನು ಫೋನಿನಲ್ಲಿ ಬೈದು ಕರೆಸಿದಳು. ಪುಣೆಯ ಸೀರೆ ವ್ಯಾಪಾರಿಯಿಂದ ಇಡೀ ವರ್ಷದ ಆರ್ಡರ್ ತಂದಳು. ಅವಳ ಗಂಡ ಶಿದ್ರಾಮಪ್ಪನಿಗೆ ಇದಾವುದೂ ಸೇರುತ್ತಿರಲಿಲ್ಲ. ನಿನ್ನೆ ಸಂಜೆ ಗೋಡೆಯಾಚೆ ಅವನು ಕೂಗಾಡಿದ್ದನ್ನು ಸೋಮವ್ವ ತನ್ನ ಕಿವಿಯಾರೆ ಕೇಳಿದ್ದಳು. "ನಾಳೆ ನೀ ಸಭಿಗೆ ಹೋಗಂಗಿಲ್ಲ! ಸಂಘ ಹಾಳಾಗಿ ಹೋಗ್ಲಿ!" ಸಾವಿತ್ರೆವ್ವ ಏನೋ ಅಂದಳು. ದನಿ ಬಹಳ ಸಣ್ಣಗಿತ್ತು. ಕೇಳಿಸಲಿಲ್ಲ.

ಇನ್ನೊಂದು ಮಾತೂ ಇತ್ತು. ಇವತ್ತು ನಸುಕಿನಲ್ಲಿ ಗಾಡಿ ನಿಂತ ಸಪ್ಪಳಕ್ಕೆ ಎದ್ದು ಕಿಟಕಿಯಲ್ಲಿ ಇಣುಕಿದಾಗ, ಓಣಿ ದಾಟುತ್ತಿದ್ದ ಬಿಳಿ ಕಾರು ಸೋಮವ್ವನ ಕಣ್ಣಿಗೆ ಬಿದ್ದಿತ್ತು. ಆ ಕಾರು ಜಕ್ಕಪ್ಪನದು. ಹತ್ತಿಪ್ಪತ್ತು ಪವರ್‌ಲೂಮಿನ ಮಾಲೀಕ. ಶೆಡ್ಡಿನ ಜಾಗದ ಮೇಲೆ ಮೊದಲಿನಿಂದಲೂ ಕಣ್ಣಿಟ್ಟವನು.

ಸೋಮವ್ವ ಒಬ್ಬಳೇ ಹೊರಟಳು.

ಶೆಡ್ಡಿನ ಬಾಗಿಲಲ್ಲಿ ಶಿದ್ರಾಮಪ್ಪ ನಿಂತಿದ್ದ. ಅಂಗಿಯ ಗುಂಡಿ ಮೇಲೆಕೆಳಗಾಗಿದ್ದವು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕಣ್ಣು ಕೆಂಪಗಿದ್ದವು. ಕುಡಿದಿದ್ದಾನೆ ಎಂದುಕೊಂಡಳು ಸೋಮವ್ವ.

"ವೈನಿ ಎಲ್ರಿ ಅಣ್ಣಾರ?"

"ಜಮಖಂಡಿಗೆ ಹೋಗ್ಯಾಳ."

"ಇವತ್ತ? ಸಭಿ ಬಿಟ್ಟು?"

"ಹೋಗಬೇಕಾತು." ಅವನು ಅವಳ ಮುಖ ನೋಡಲಿಲ್ಲ. "ಮಧ್ಯಾಹ್ನ ನಾನ ಹೋಗಿ ಕರ್ಕೊಂಡ ಬರ್ತೀನಿ."

ಸೋಮವ್ವ ಪಕ್ಕಕ್ಕೆ ಸರಿದು ಸಾವಿತ್ರೆವ್ವನಿಗೆ ಫೋನ್ ಹಚ್ಚಿದಳು. ಫೋನು ಶಿದ್ರಾಮಪ್ಪನ ಜೇಬಿನಲ್ಲಿ ಬಡಿದುಕೊಂಡಿತು. ಅವನು ಯಾರ ಕರೆಯೆಂದೂ ನೋಡದೆ ಅದನ್ನು ಬಂದ್ ಮಾಡಿದ.

ಸೋಮವ್ವನಿಗೆ ಎಲ್ಲ ತಿಳಿದ ಹಾಗಾಯಿತು. ಹೆಂಡತಿಯನ್ನು ಎಲ್ಲಿಗೋ ಸಾಗಿಸಿ, ಫೋನು ಕಸಿದುಕೊಂಡು, ಜಕ್ಕಪ್ಪನ ಪರವಾಗಿ ಬಂದು ನಿಂತಿದ್ದಾನೆ. ಕೂಗಿ ಹೇಳಬೇಕು ಅನಿಸಿತು. ಕೂಗಿದರೆ ಗದ್ದಲವಾಗುತ್ತದೆ, ಮಂದಿ ಎದ್ದು ಹೋಗುತ್ತಾರೆ, ಅವನಿಗೆ ಬೇಕಾದದ್ದೂ ಅದೇ. ಅವಳು ಬಾಯಿ ಮುಚ್ಚಿಕೊಂಡು ಜಮಖಾನೆಯ ಮೇಲೆ ಕುಳಿತಳು. ಆಮೇಲೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಸುತ್ತಲಿನ ಮಾತೆಲ್ಲ ನೀರಿನೊಳಗಿಂದ ಕೇಳಿದ ಹಾಗಿತ್ತು.

ಮಂದಿ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ: "ಅಧ್ಯಕ್ಷರು ಎಲ್ಲಿ?"

"ಬರ್ತಾಳ. ನೀವು ಕೂಡ್ರಿ," ಅನ್ನುತ್ತಿದ್ದ ಶಿದ್ರಾಮಪ್ಪ. ಎಲ್ಲರಿಗೂ ಅದೇ ಮಾತು, ಅದೇ ದನಿ.

ಜಕ್ಕಪ್ಪನೂ ಬಂದ. ಯಾರೊಡನೆಯೂ ಮಾತಾಡದೆ ಹಿಂದಿನ ಗೋಡೆಗೆ ಒರಗಿ ನಿಂತ. ಅವನೂ ಶಿದ್ರಾಮಪ್ಪನೂ ಒಮ್ಮೆ ಒಬ್ಬರನ್ನೊಬ್ಬರು ನೋಡಿದರು. ಜಕ್ಕಪ್ಪ ತಲೆ ತಗ್ಗಿಸಿದ. ಸೋಮವ್ವನಿಗೆ ಅಷ್ಟೇ ಸಾಕಾಯಿತು.

ಹನ್ನೊಂದಕ್ಕೆ ಇಲಾಖೆಯ ಅಧಿಕಾರಿ ಗಡಿಯಾರ ನೋಡಿದರು. "ಅಧ್ಯಕ್ಷರು ಬರದಿದ್ದರೂ ನಡೆಯುತ್ತದೆ. ಹಾಜರಿ ಮುಖ್ಯ. ಮುಂದೂಡುವ ಹಾಗಿಲ್ಲ, ಇವತ್ತೇ ಕೊನೆಯ ದಿನ. ಶೆಡ್ಡು ಕೊಳ್ಳುವವರು ಏನಾದರೂ ಹೇಳುವುದಿದೆಯೇ?"

ಎಲ್ಲರೂ ಹಿಂದಕ್ಕೆ ತಿರುಗಿದರು.

"ಇಲ್ರಿ," ಅಂದ ಜಕ್ಕಪ್ಪ. "ನಂದೇನೂ ಇಲ್ಲ."

ಶಿದ್ರಾಮಪ್ಪ ಎದ್ದು ನಿಂತ. ಜನರೆದುರು ಅವನು ಎಂದೂ ಮಾತಾಡಿದವನಲ್ಲ. ಮೇಜಿನ ಅಂಚು ಹಿಡಿದುಕೊಂಡ.

"ನನಗ ಭಾಷಣ ಬರಂಗಿಲ್ರಿ," ಎಂದ. "ಮಗ್ಗ ಸುರು ಆಗ್ಲಿ ಅನ್ನಾವ್ರು ಕೈ ಎತ್ರಿ. ಆಕೀದೂ ಇದ ಮಾತು."

ಸೋಮವ್ವ ತಾನು ಕೇಳಿದ್ದು ಖರೆಯೋ ಅಲ್ಲವೋ ತಿಳಿಯದೆ ಅವನನ್ನೇ ನೋಡಿದಳು. ಅವಳ ಕೈ ತಾನಾಗಿಯೇ ಮೇಲೆದ್ದಿತು. ಅಧಿಕಾರಿ ಎಣಿಸುತ್ತ ಬಂದರು. ಮೂವತ್ತೆಂಟು. ಮೂವತ್ತೊಂಬತ್ತು. ಕಂಬದ ಮರೆಯಲ್ಲಿ ಕುಳಿತ ಮುದುಕ ಭೀಮಪ್ಪ ಕೋಲು ಕೆಳಗಿಟ್ಟು ಕೈ ಎತ್ತಿದ. ನಲವತ್ತು. ಅಧಿಕಾರಿ ಸಹಿ ಹಾಕಿ ಮೊಹರು ಒತ್ತಿದರು.

ಶೆಡ್ಡಿನ ತುಂಬ ಗದ್ದಲವೆದ್ದಿತು. ಯಾರೋ ಚಹಾಕ್ಕೆ ಕೂಗಿದರು. ಹೆಂಗಸರು ಮುಚ್ಚಿದ ಮಗ್ಗಗಳ ಮೇಲಿನ ತಾಡಪತ್ರಿ ಎಳೆದು ಧೂಳು ಎಬ್ಬಿಸಿದರು.

ಶಿದ್ರಾಮಪ್ಪ ನಿಂತಲ್ಲೇ ನಿಂತಿದ್ದ. ಸೋಮವ್ವ ಹತ್ತಿರ ಹೋದಳು.

"ತಪ್ಪ ತಿಳಕೊಂಡಿದ್ನಿರಿ ಅಣ್ಣಾರ. ಲಗೂನ ವೈನಿಗೆ ಒಂದು ಫೋನ್ ಹಚ್ರಿ. ಆಕಿ ಮೊದಲ ಕೇಳಬೇಕು ಈ ಸುದ್ದಿ."

ಶಿದ್ರಾಮಪ್ಪ ಜಕ್ಕಪ್ಪನ ಕಡೆ ನೋಡಿದ. ಜಕ್ಕಪ್ಪ ಕಾರು ತರಲು ಹೊರಗೆ ನಡೆದ.

"ನಿನ್ನೆ ಸಂಜಿಂದನ ಎದಿ ಹಿಡ್ಕೊಂಡಿತ್ತು ತಂಗಿ, ಅದಕ್ಕ ಸಭಿಗೆ ಹೋಗಬ್ಯಾಡ ಅಂತ ಒದರಿದ್ನಿ. ನಸುಕಿನ್ಯಾಗ ನೋವು ಜೋರಾತು. ಅವನ ಗಾಡ್ಯಾಗ ಹಾಕ್ಕೊಂಡು ಓಡಿದ್ವಿ. ಸಭಿ ಮುಗಿಯೂತನಕ ಯಾರಿಗೂ ಹೇಳಬ್ಯಾಡ್ರಿ ಅಂತ ದಾರ್ಯಾಗ ನನ್ನ ಕಡೆ ಆಣಿ ಹಾಕ್ಸಕೊಂಡ್ಳು. ಜಮಖಂಡಿ ದವಾಖಾನಿ ಮುಟ್ಟೂದ್ರಾಗ ಉಸಿರು ಹೋಗಿತ್ತು."