ಇನ್ನೂರು ಮೀಟರ್ ಆಳದ ಗಾಳಿ

ನೆಲ ಕೊರೆದು ತೆಗೆದ ಕಲ್ಲು ಮೇಲೆ ಬಂದೊಡನೆ, ತಾನು ಹುಟ್ಟಿದ ದಿನದ ಹವೆಯನ್ನು, ಮಳೆಯೋ ಗಾಳಿಯೋ, ಎರಡು ದಿನ ಹೊರಬಿಡುತ್ತದೆ. ಭೂಗರ್ಭ ಸರ್ವೆಯವರಾದ ನಮಗೆ ಇದು ಮಾಮೂಲು. ಹೋದ ವಾರ ತೊಂಬತ್ತು ಮೀಟರ್ ಆಳದ ಕಲ್ಲು ಸುರಿಸಿದ ಮಳೆಗೆ ನಮ್ಮ ಡೇರೆಯೇ ತೊಯ್ದಿತ್ತು. ಇಂದು ಡ್ರಿಲ್ಲರ್ ಲಾಲಸಾಬ ಇನ್ನೂರು ಮೀಟರ್ ಆಳದಿಂದ ತೆಗೆದ ಮಾರುದ್ದದ ಕಲ್ಲು ತಣ್ಣನೆಯ ಗಾಳಿ ಬೀಸತೊಡಗಿತು. ರಾಯಚೂರು ಸೀಮೆಯ ಮೇ ತಿಂಗಳ ಬಿಸಿಲು. ಊರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು?

ಹುಲಿಗೆಮ್ಮ ಎಂಬಾಕೆ ಓಡಿ ಬಂದಳು. "ಮೇಡಂ, ನಾಳೆ ನನ್ನ ಮಗಳ ಮದಿವಿ. ದೊಡ್ಡಾಕಿ ಮದಿವ್ಯಾಗ ಬಿಸಲಿಗೆ ಮದಿಮಗ ಬವಳಿ ಬಂದು ಬಿದ್ದಿದ್ದ. ಈ ಕಲ್ಲು ಒಂದಿನ ಕೊಡ್ರಿ."

"ಇದು ಸರ್ಕಾರದ ಕಲ್ಲು ಕಣಮ್ಮ, ಕೊಡೋಕಾಗಲ್ಲ," ಎಂದೆ. ಅವಳ ಮುಖ ಬಾಡಿತು.

ಲಾಲಸಾಬ ಕೆಮ್ಮಿದ. "ಉದ್ದಕ ಸೀಳಿ ಅರ್ಧ ಲ್ಯಾಬಿಗೆ ಕಳಸ್ತೀವಿ. ಇನ್ನರ್ಧ ಜ್ವಾಪಾನ ಇಡಬೇಕು ಅಂತ ರೂಲು ಅದ. ಎಲ್ಲಿ ಇಡಬೇಕಂತ ಬರದಿಲ್ಲಲ್ರಿ, ಮೇಡಂ."

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನಗಿದು ಹೊಳೆದಿರಲಿಲ್ಲ. ಗರಗಸ ಹಚ್ಚಲು ಹೇಳಿದೆ.

ರಿಜಿಸ್ಟರಿನ 'ಉಳಿದರ್ಧ ಇಟ್ಟ ಜಾಗ' ಎಂಬ ಕಾಲಮಿನಲ್ಲಿ ಬರೆದೆ: "ಮದುವೆ ಹಂದರ, ಮದುಮಗನ ಬೆನ್ನ ಹಿಂದೆ. ಕಾವಲಿಗೆ ನಾನು ಮತ್ತು ಲಾಲಸಾಬ, ಊಟ ಮುಗಿಯುವವರೆಗೆ."