ಹೆಸರಿನ ಮೊದಲಕ್ಷರ

ಲಂಡನ್ನಿನ ರೆಕಾರ್ಡ್ ಕಂಪನಿಯವನು ಕರ್ಚೀಫು ತೆಗೆದು, ತೆಗ್ವೆನ್ ಆಗಷ್ಟೇ ಹಾಡಿ ಮುಗಿಸಿದ್ದ ಮೈಕನ್ನು ಒರೆಸಿದ. "ಏನಮ್ಮಾ, ಹಾಡ್ತೀಯೋ ಉಗೀತೀಯೋ? ತಂಡದ ಹೆಸರು 'ಲನು' ಅಂತ ನೆಟ್ಟಗೆ ಇಟ್ಕೊಳ್ಳಿ, ನಾಳೆನೇ ಸಹಿ ಹಾಕೋಣ."

ಅವರ ತಂಡದ ಹೆಸರು ಲ್ಹನು, ವೆಲ್ಷ್ ಮಾತಿನಲ್ಲಿ ಕಡಲಿನ ಉಬ್ಬರ. ನಾಲಿಗೆಯನ್ನು ಮೇಲಕ್ಕೊತ್ತಿ ಪಕ್ಕದಿಂದ ಉಸಿರು ಬಿಟ್ಟರೆ ಮಾತ್ರ ಅದರ ಮೊದಲಕ್ಷರ ಹೊರಡುತ್ತದೆ. ತಂಡದಲ್ಲಿ ಗಿಟಾರ್ ನುಡಿಸುವ ಇಥೆಲ್ ಆ ಕಂಪನಿಯವನ ಬಾಯಿ ಮುಚ್ಚಿಸುತ್ತಾನೆ ಎಂದುಕೊಂಡಳು ತೆಗ್ವೆನ್. ಚಿಕ್ಕವಳಿದ್ದಾಗ ಆ ಅಕ್ಷರ ಬಾರದೆ ಅಳುತ್ತಿದ್ದ ಅವಳ ಅಂಗೈಯನ್ನು ತನ್ನ ಬಾಯಿಯ ಹತ್ತಿರ ಹಿಡಿದು, ಉಸಿರು ಎಲ್ಲಿಂದ ಬರುತ್ತದೆಂದು ತೋರಿಸಿಕೊಟ್ಟವನು ಪಕ್ಕದ ಮನೆಯ ಈ ಇಥೆಲನೇ.

"ಅದಕ್ಕೇನಂತೆ ಸಾರ್, ಲನು ಅಂದ್ರಾಯ್ತು," ಇಥೆಲ್ ಹಲ್ಲು ಕಿರಿದ. "ಇವಳದ್ದು ಸ್ವಲ್ಪ ಹಳ್ಳಿ ಬಾಯಿ."

ತೆಗ್ವೆನ್ ಅವನ ಬಾಯಿಯ ಮುಂದೆ ಅಂಗೈ ಹಿಡಿದಳು. "ಇನ್ನೊಂದ್ಸಲ ಹೇಳೋ."

"ಲನು."

ಉಸಿರು ಕೈಗೆ ತಾಗಲೇ ಇಲ್ಲ. ಆದರೂ ಅವಳು ಆ ಅಂಗೈಯನ್ನು ಲಂಗಕ್ಕೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಡ್ರಮ್ಮಿನ ಮೆಡ್ವಿನ್ ಅವಳ ಕೋಟು ತಂದುಕೊಟ್ಟ.

"ನಿನ್ನ ಜೊತೆ ಹಾಡಿದ್ದು ಎಂಟು ತಿಂಗಳು, ಅಷ್ಟು ಸಾಕು ಕಣೋ," ಎಂದಳು ತೆಗ್ವೆನ್ ಇಥೆಲ್‌ಗೆ. "ಆ 'ಲನು' ಅನ್ನೋ ಹೆಸರು ನೀನೇ ಇಟ್ಕೋ. ಅದು ನಮ್ದಲ್ಲ."